ಅಳತಿ

ಗುಲಾಬಿ ಬಣ್ಣದ ಸ್ಪಂಜಿನ ಪೆಟ್ಟಿಗಿ ಮುಂದಿಟ್ಟು
"ಕಾಲಿಡ್ರಿ, ಭಾರ ಬಿಡ್ರಿ" ಅಂದಳು ಡಾಕ್ಟರ್ ಹುಡುಗಿ.
ಭಾರ ಬಿಡೂದು ನನಗೆಲ್ಲಿ ರೂಢಿ?
ಇಪ್ಪತ್ತೊಂದು ವರ್ಷ ಜಮಖಂಡಿ ಬಸ್ಸಿನಾಗ
ಸೀಟಿನ ಅಂಚಿಗೆ ಎಡಸೊಂಟ ಆನಿಸಿ
ಅರ್ಧಾ ನಿಂತು, ಅರ್ಧಾ ತೂಗಿ
ಚಿಲ್ಲರ ಎಣಿಸಿದಾಕಿ ನಾನು.

ಕಾಲು ತಗದೆ. ಅಚ್ಚು ಮೂಡಿತ್ತು.
ರೊಟ್ಟಿ ತಟ್ಟಿ ಇಟ್ಟಂಗ
ಹಿಮ್ಮಡದಿಂದ ಬೆರಳಿನ ಬುಡದ ತನಕ ಒಂದಾ ಸಮ.
"ಈ ಊರಾಗ ಎಲ್ಲಿ ನೋಡಿದ್ರೂ ಕಮಾನು,
ನಿಮ್ಮ ಪಾದದಾಗ ಒಂದೂ ಇಲ್ಲಲ್ರೀ!"
ಆಕಿ ನಕ್ಕಳು. ನಾನೂ ನಕ್ಕೆ, ಸೊಂಟ ಹಿಡಕೊಂಡು.

ಇದೇನು ಹೊಸಾ ಸುದ್ದಿ ಅಲ್ಲ.
ಕನ್ಯಾ ನೋಡಾಕ ಬಂದ ದಿವಸ
ತೊಳದ ಕಾಲಿಲೆ ಪರಸಿಗಲ್ಲಿನ ಮ್ಯಾಲ ನಡದು ಬಂದಾಗ
ವರನ ಸೋದರತ್ತಿ ಮಾರಿ ನೋಡಲಿಲ್ಲ, ನೆಲಾ ನೋಡಿದಳು.
"ಹೆಜ್ಜಿ ತುಂಬ ಮೂಡತೈತಿ, ಮನಿ ತಿಂತಾಳ" ಅಂದಳಂತ.
ಆಕಿ ಪುಕ್ಕಟ ಹೇಳಿದ್ದಕ್ಕ
ಈಗ ಏಳೂವರಿ ಸಾವಿರ.

ಗ್ಯಾರಂಟಿ?
"ಕೆಲವರಿಗೆ ಬ್ಯಾನಿ ಇಳೀತೈತಿ, ಕೆಲವರಿಗೆ ಇಲ್ರಿ.
ಮೂರು ತಿಂಗಳು ಹಾಕ್ಕೊಂಡು ನೋಡಬೇಕು.
ಚಪ್ಪಲ್ಯಾಗ ಕುಂದ್ರೂದಿಲ್ಲ, ಬೂಟು ಬೇಕು."
ವೈಶಾಖದ ವಿಜಯಪುರದಾಗ, ಕಾಯ್ದ ಇಂಜಿನ್ನಿನ ಬಾಜೂಕ, ಬೂಟು!
ಮತ್ತ ಮನಿ? ಒಲಿ ಮುಂದ ಎರಡು ತಾಸು,
ನಳದ ಕಟ್ಟಿಗೆ ಒಂದು ತಾಸು, ಎಲ್ಲಾ ಬರಿಗಾಲು.
ಸೊಂಟದ ಔಷಧ ಹೊಸ್ತಿಲ ಹೊರಗ ಬಿಚ್ಚಿಟ್ಟು
ಸೊಂಟ ಮಾತ್ರ ಒಳಗ ಬರಬೇಕೇನು?

ಡ್ರೈವರ್ ಮಾಶ್ಯಾಳ: "ಬೆಲ್ಟ್ ಕಟ್ಟಕ್ಕಾ."
ಬಾಳಿಹಣ್ಣಿನ ಲಾಲಬೀ: "ಔಡಲೆಣ್ಣಿ ತಿಕ್ಕು."
ಗಂಡ ಏನೂ ಅನ್ನಲಿಲ್ಲ.
ಸೊಸಾಯಿಟಿ ಪಾಸ್‌ಬುಕ್ಕು ತೊಡಿ ಮ್ಯಾಲ ಇಟ್ಟಗೊಂಡು ಕುಂತ.
ಆಮ್ಯಾಲ ಗ್ವಾಡಿಗೆ ಹೇಳಿದಂಗ, "ಎರಡು ಕಂತು."

ಸ್ಟ್ಯಾಂಡಿನ ನೆರಳಿಗೆ ಕೂಡೂ ಲಗಮಣ್ಣ
ನನ್ನ ಎಡಚಪ್ಪಲಿ ಬೋರಲ ಹಾಕಿ ಹೆಬ್ಬಟ್ಟಿಲೆ ಸವರಿದ.
"ಒಳಮಗ್ಗಲ ಸವದೈತಿ. ನಿಮ್ದು ಯಾವಾಗಲೂ ಇಲ್ಲೇ ಸವೀತೈತಿ.
ಸೊಂಟ ಹಿಡೀತೈತೇನ್ರೀ, ಎಡಕ್ಕ?"
ಒಂಬತ್ತು ವರ್ಷದಿಂದ ಗೊತ್ತಿತ್ತೇನೋ ನಿನಗ?
"ನೀವು ಕಿತ್ತ ಉಂಗುಟ ಹೊಲಿ ಅಂದ್ರಿ, ಹೊಲದೆ."

ಹಳೇ ಸೋಲಿನ ತುಂಡು ತೋಯ್ಸಿ, ಕೆತ್ತಿ, ಬಡದು
ಕಮಾನಿನ ಜಾಗಾಕ್ಕ ಅಂಟಿಸಿದ. ನಲವತ್ತು ರೂಪಾಯಿ.
ಹೊಂಟಾಕೀನ್ನ ಹೊಳ್ಳಿ ಕರದ:
"ಅಕ್ಕಾರ, ಇದು ಚರ್ಮ, ತಿಂಗಳದಾಗ ಕುಸೀತೈತಿ.
ಅಷ್ಟರಾಗ ಹಗರ ಅನಿಸಿದ್ರ ಅವರದು ಮಾಡಿಸ್ರಿ.
ಇಲ್ಲಂದ್ರ ನಲವತ್ತಕ್ಕ ಹೋತು."

ರಾತ್ರಿ ಕಾಲು ತೊಳಕೊಂಡು ಒಳಗ ಬಂದೆ.
ಪರಸಿ ಮ್ಯಾಲ ಅದಾ ತುಂಬು ಹೆಜ್ಜಿ.
ಮಗಳು ತನ್ನ ಹಸಿಗಾಲು ಬಾಜೂಕ ಊರಿದಳು.
ಆಕೀದೂ ತುಂಬೇ ಮೂಡಿತು.
"ನಾನೂ ಮನಿ ತಿಂತೀನೇನವ್ವಾ?"
ತಿನ್ನು, ಹೊಟ್ಟಿ ತುಂಬ ತಿನ್ನು, ಅಂದೆ.

ಐದು ನಲವತ್ತರ ಮೊದಲ ಟ್ರಿಪ್.
ಅಂಗಾಲಡಿ ಸಣ್ಣ ಗುಡ್ಡ,
ಅನ್ನದಾಗ ಹರಳು ಸಿಕ್ಕಂಗ.
ಬಬಲೇಶ್ವರ ದಾಟಿತು. ಬ್ಯಾನಿ ಎಲ್ಲೈತಿ ಅಂತ ಹುಡುಕಿದೆ,
ಚೀಲದ ತಳದಾಗ ಐದರ ನಾಣ್ಯ ಹುಡುಕಿದಂಗ.
ಕೃಷ್ಣಾ ಹೊಳಿ ಪೂಲು ಬಂತು. ಇನ್ನೂ ಇಲ್ಲ.
ಕೈ ಎತ್ತಿ ಹೊಳೀಗೆ ಮುಗಿಯಾಕಿ,
ಯಾಕೋ ಹಿಂದ ಹೊಳ್ಳಿ ನೋಡಿದೆ:
ಹನ್ನೊಂದು ಮಂದಿ.
ಅಮಾಸಿ ಮರುದಿನ, ಬಸ್ಸು ಖಾಲಿ.
ಇಂಥಾ ದಿನ ಯಾರ ಸೊಂಟ ನೋಯತೈತಿ?

ನಾಡದ ಸಂತಿ.
ಬುಟ್ಟಿ, ಚೀಲ, ಕೋಳಿ, ಎಂಬತ್ತು ಮಂದಿ ಹತ್ತತಾರ.
ಅವತ್ತ ನೋಡೂಣು.